3,35,50,336ರ ಜಾತಕ: ಮೂರನೇ ವಾರದವರೆಗೆ

ಮೊದಲ ವಾರ

ಸುಡೊಕು ಸಾಕಾಗಿತ್ತು. ಹೊಸ ಹುಚ್ಚು ಏನಂದರೆ ಒಂದೇ ಸಂಖ್ಯೆ ಹಿಡಿದು, ಕ್ಯಾಲ್ಕುಲೇಟರ್ ಮುಟ್ಟದೆ, ಅದರ ಜಾತಕ ಬರೆಯುವುದು. ಆರಿಸಿಕೊಂಡದ್ದು 3,35,50,336. ಇದು ಐದನೇ ಪರಿಪೂರ್ಣ ಸಂಖ್ಯೆ. ತನ್ನನ್ನು ಬಿಟ್ಟು ಉಳಿದ ಅಪವರ್ತನಗಳನ್ನೆಲ್ಲ ಕೂಡಿದರೆ ಮತ್ತೆ ತಾನೇ ಬರುತ್ತದೆ. 6 ಹಾಗೇ ಅಲ್ವಾ, 1+2+3? ಆಮೇಲೆ 28, 496, 8128. ಈ ನಾಲ್ಕೂ ಹಳೇ ಗ್ರೀಕರಿಗೆ ಗೊತ್ತಿದ್ದವು. ಐದನೆಯದಕ್ಕೆ ಐದು ಅಂಕಿ ಇರುತ್ತದೆ ಅಂತ ಬಹಳ ಕಾಲ ನಂಬಿದ್ದರಂತೆ. ಬಂದದ್ದು ಎಂಟಂಕಿಯದು!

2ರಿಂದ ಭಾಗಿಸುತ್ತಾ ಹೋದೆ. 12 ಸಲ ಸಲೀಸು. ಕೊನೆಗೆ 8191 ಬಂದು ನಿಂತಿತು.

ಎರಡನೇ ವಾರ

8191 ಅವಿಭಾಜ್ಯವೇ? 91ರ ವರ್ಗ 8281, ಹಾಗಾಗಿ 89ರವರೆಗೆ ನೋಡಿದರೆ ಸಾಕು. 3ರಿಂದ ಶುರು ಮಾಡಿ 23 ಭಾಗಾಕಾರ, ಎರಡು ಸಂಜೆ. ಯಾವುದಕ್ಕೂ ಬಗ್ಗಲಿಲ್ಲ.

ಎಲ್ಲ ಮುಗಿದ ಮೇಲೆ ಗೊತ್ತಾಯಿತು, ಅಷ್ಟೊಂದು ಒದ್ದಾಡಬೇಕಿರಲಿಲ್ಲ. 8191 ಅಂದರೆ 2ರ 13ನೇ ಘಾತಕ್ಕಿಂತ ಒಂದು ಕಮ್ಮಿ. ಇಂಥದ್ದನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, ಅದನ್ನು 26ರಿಂದ ಭಾಗಿಸಿದಾಗ ಶೇಷ 1 ಉಳಿಯಲೇಬೇಕು. 90ರೊಳಗೆ ಅಂಥವು ಎರಡೇ: 53 ಮತ್ತು 79. ಮೊದಲನೆಯದಕ್ಕೆ ಶೇಷ 29, ಎರಡನೆಯದಕ್ಕೆ 54. ಐದು ನಿಮಿಷದ ಕೆಲಸ!

8128ಕ್ಕೂ ಇದಕ್ಕೂ ನಡುವೆ ಇಷ್ಟು ದೊಡ್ಡ ಕಂದರ ಯಾಕೆ ಅನ್ನುವುದಕ್ಕೂ ಇಲ್ಲೇ ಉತ್ತರ ಸಿಕ್ಕಿತು. 8128 ಹುಟ್ಟುವುದು 7ನೇ ಘಾತದಿಂದ. ಹೀಗೆ ಒಂದು ಕಳೆದಾಗ ಅವಿಭಾಜ್ಯ ಬರಬೇಕಾದರೆ ಘಾತವೂ ಅವಿಭಾಜ್ಯವೇ ಆಗಿರಬೇಕು. ಹಾಗಾಗಿ ಮುಂದಿನ ಸರದಿ 11ರದು, ಆದರೆ ಅಲ್ಲಿ ಬರುವ 2047 ಒಡೆದು 23 × 89 ಆಗಿಬಿಡುತ್ತದೆ. ಸರದಿ 13ಕ್ಕೆ ಹೋಯಿತು.

ಮೂರನೇ ವಾರ

ಒಟ್ಟು ಅಪವರ್ತನಗಳು 26. ಸಂಖ್ಯೆಯನ್ನೇ ಬಿಟ್ಟರೆ 25. ಸೂತ್ರ ಹಾಕಿದ್ದರೆ ಎರಡು ಸಾಲಲ್ಲಿ ಮುಗಿಯುತ್ತಿತ್ತು, ಆದರೂ ಹಟಕ್ಕೆ ಒಂದರ ಕೆಳಗೊಂದು ಬರೆದು ಕೂಡಿದೆ. ಮೊತ್ತದಲ್ಲಿ 18 ಜಾಸ್ತಿ ಬಂತು. ಮತ್ತೆ ಕೂಡಿದರೂ ಅದೇ 18.

ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದ ನಮ್ಮ ಸೋದರಮಾವ ಹೇಳುತ್ತಿದ್ದ ಮಾತು ನೆನಪಾಯಿತು: "ವ್ಯತ್ಯಾಸ ಒಂಬತ್ತರ ಮಗ್ಗೀಲಿ ಬಂದ್ರೆ, ಎಲ್ಲೋ ಅಂಕಿ ಅದಲುಬದಲಾಗಿದೆ ನೋಡು." ಹುಡುಕಿದೆ. 5,24,224 ಅಂತ ಬರೆಯಬೇಕಾದ ಕಡೆ 5,24,242 ಬರೆದಿದ್ದೆ. ತಿದ್ದಿದೆ. ಸರಿಹೋಯಿತು.

ಸುಮ್ನೆ ಕುತೂಹಲಕ್ಕೆ ಅಂಕಿಗಳನ್ನು ಕೂಡಿದೆ: 28. ಅದೂ ಪರಿಪೂರ್ಣ ಸಂಖ್ಯೆ! ಇದಕ್ಕೆ ಹೆಚ್ಚು ಅರ್ಥ ಹುಡುಕಬಾರದು, ಆದರೂ ಖುಷಿಯಾಯಿತು. 1ರಿಂದ 8191ರವರೆಗೆ ಕೂಡಿದರೂ ಇದೇ ಸಂಖ್ಯೆ, ಅಂದರೆ ತ್ರಿಕೋನ ಸಂಖ್ಯೆಯೂ ಹೌದು. ಬೈನರಿಯಲ್ಲಿ ಬರೆದರೆ 13 ಒಂದುಗಳು, ಆಮೇಲೆ 12 ಸೊನ್ನೆಗಳು.

ಈಗ ಮಾಡುತ್ತಿರುವುದು ಘನಗಳ ಲೆಕ್ಕ. 1ರಿಂದ 127ರವರೆಗಿನ ಬೆಸಸಂಖ್ಯೆಗಳ ಘನ ಕೂಡಿದರೂ ಇದೇ ಬರಬೇಕು. ಒಟ್ಟು 64 ಘನಗಳು. ನಿನ್ನೆ ರಾತ್ರಿ 41ರ ಘನದವರೆಗೆ ಬಂದೆ. ಮೊತ್ತ 3,88,521. ಇನ್ನೂ 43 ಬಾಕಿ, ಮುಂದಿನದೂ 43ರ ಘನವೇ.