ಗಾಳಿ ಎದ್ದರೆ ಹೋಗುವ ನೆಟ್

2025 ಜುಲೈ 12, ಶನಿವಾರ
ಮೂಡಿಗೆರೆ

ನೆಟ್ ಯಾಕೆ ಹೋಗಿ ಬಂದು ಮಾಡುತ್ತಿತ್ತು ಅಂತ ನಿನ್ನೆ ರಾತ್ರಿ ಕೊನೆಗೂ ಗೊತ್ತಾಯಿತು. ಮಳೆಗಾಲದಲ್ಲಿ ಇದೇ ಪಾಡು ಪಡುವ ಮನೆಗಳು ನಮ್ಮ ಕಡೆ ಜಾಸ್ತಿ. ಅದಕ್ಕೇ ಎಲ್ಲ ಬಿಡಿಸಿ ಬರೆಯುತ್ತಿದ್ದೇನೆ.

ಪೂರ್ತಿ ನಿಂತುಹೋದ ನೆಟ್ ಸರಿ ಮಾಡಿಸುವುದು ಸುಲಭ. ಹೋಗಿ ಬಂದು ಮಾಡುವುದನ್ನು ಸರಿ ಮಾಡಿಸುವುದು ಬಹಳ ಕಷ್ಟ. ಫೋನ್ ಮಾಡಿ ದೂರು ಕೊಟ್ಟರೆ ಆ ಕಡೆಯವರು ಕಂಪ್ಯೂಟರ್‌ನಲ್ಲಿ ನೋಡಿ, 'ಲೈನ್ ಸರಿ ಇದೆಯಲ್ಲ ಮೇಡಂ' ಅನ್ನುತ್ತಾರೆ. ಅವರು ನೋಡುವ ಹೊತ್ತಿಗೆ ಸರಿಯಾಗಿಯೇ ಇರುತ್ತದೆ. ದೂರು ಅಲ್ಲಿಗೇ ಮುಚ್ಚಿಹೋಗುತ್ತದೆ. ಪುನರ್ವಸು ಮಳೆ ಹಿಡಿದ ಮೇಲಂತೂ ನನಗೆ ಅಳುವೇ ಬರುವ ಹಾಗಾಗಿತ್ತು. ಕರೆಂಟ್ ಹೋಗಿ ಜಾಸ್ತಿ ಹೊತ್ತಾದರೆ ಟವರ್‌ನ ಬ್ಯಾಟರಿಯೂ ಮುಗಿದು ಮೊಬೈಲ್ ಸಿಗ್ನಲ್ ಹೋಗುತ್ತದೆ. ಆಗ ನಮಗೆ ಉಳಿಯುವುದು ಬೆಳಕಿನ ಮೂಲಕ ನೆಟ್ ತರುವ ಈ ಫೈಬರ್ ಕೇಬಲ್ ಒಂದೇ. ನನ್ನ ಕೆಲಸ, ತಂಗಿ ಮಗಳ ಪಾಠ, ಅಮ್ಮ ಡಾಕ್ಟರ ಹತ್ತಿರ ಮಾತಾಡುವುದು, ಎಲ್ಲ ಅದರ ಮೇಲೆ ನಿಂತಿದೆ.

ಹೋದ ಗಳಿಗೆಯಲ್ಲೇ ಬರೆದಿಟ್ಟುಕೊಳ್ಳದಿದ್ದರೆ ಯಾರೂ ನಂಬುವುದಿಲ್ಲ ಅನ್ನಿಸಿತು. ಹಳೇ ಡೈರಿಯಲ್ಲಿ ಗೆರೆ ಹಾಕಿ ಬರೆಯತೊಡಗಿದೆ. ಗಂಟೆ ಎಷ್ಟು, ರೂಟರ್ ಪೆಟ್ಟಿಗೆಯಲ್ಲಿ ಯಾವ ದೀಪ ಉರಿಯುತ್ತಿದೆ, ಕರೆಂಟ್ ಇತ್ತಾ, ಮಳೆ ಇತ್ತಾ, ಗಾಳಿ ಇತ್ತಾ. ತಂಗಿ ಮಗಳು ನನಗಿಂತ ಚುರುಕು. ನೆಟ್ ಹೋಯಿತು ಅನ್ನುವಷ್ಟರಲ್ಲಿ 'ದೊಡ್ಡಮ್ಮ, ಕೆಂಪು ದೀಪ' ಅಂತ ಕೂಗಿ ಗಂಟೆ ಬರೆದುಬಿಡುತ್ತಿದ್ದಳು.

ಕಡಿಯುತ್ತಿರುವುದು ಮನೆಯ ಒಳಗೋ ಹೊರಗೋ ಅನ್ನುವುದನ್ನು ಮೊದಲು ನೋಡಬೇಕು. ಎಷ್ಟೋ ಜನ ಇದನ್ನು ನೋಡದೆ ಹೊಸ ರೂಟರ್ ತರುತ್ತಾರೆ. ಸುಮ್ನೆ ದುಡ್ಡು ದಂಡ. ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಿಂದ ನೇರ ರೂಟರ್‌ಗೆ ಸಿಕ್ಕಿಸಿ, ಪಕ್ಕಪಕ್ಕದಲ್ಲಿ ಎರಡು ಪಿಂಗ್ ಓಡಬಿಟ್ಟೆ. ಪಿಂಗ್ ಅಂದರೆ ಆ ಕಡೆಯ ಯಂತ್ರಕ್ಕೆ 'ಇದ್ದೀಯಾ' ಅಂತ ಪದೇಪದೇ ಕೇಳಿ, ಉತ್ತರ ಬರುತ್ತಾ ಅಂತ ನೋಡುವುದು. ಒಂದು 192.168.1.1ಕ್ಕೆ, ಅದು ನಮ್ಮದೇ ರೂಟರ್. ಇನ್ನೊಂದು 8.8.8.8ಕ್ಕೆ, ಅದು ಹೊರಗೆ ನೆಟ್‌ನಲ್ಲಿರುವ ಗೂಗಲ್‌ನ ಡಿಎನ್‌ಎಸ್ ಸರ್ವರ್ (ವೆಬ್‌ಸೈಟ್ ಹೆಸರಿಗೆ ವಿಳಾಸ ಹುಡುಕಿಕೊಡುವ ಕಂಪ್ಯೂಟರ್). ನೆಟ್ ಹೋದಾಗಲೂ ಮೊದಲನೆಯದು ತಕ್ಷಣ ಉತ್ತರ ಕೊಡುತ್ತಿತ್ತು. ಎರಡನೆಯದು ನಿಂತಿರುತ್ತಿತ್ತು. ಅಂದರೆ ತೊಂದರೆ ರೂಟರ್‌ನಿಂದ ಆಚೆಗೆ.

ಆದರೆ ಕೆಲವು ಸಲ ಎರಡೂ ಒಟ್ಟಿಗೆ ನಿಲ್ಲುತ್ತಿದ್ದವು. ಆಗ ಬ್ರೌಸರ್‌ನಲ್ಲಿ ರೂಟರ್‌ನ ಪುಟ ತೆರೆದು ಅಪ್‌ಟೈಮ್ (ರೂಟರ್ ಹತ್ತಿ ಎಷ್ಟು ಹೊತ್ತಾಯಿತು ಅನ್ನುವ ಲೆಕ್ಕ) ನೋಡಿದರೆ, ಸೊನ್ನೆಯಿಂದ ಹೊಸದಾಗಿ ಎಣಿಕೆ ಶುರುವಾಗಿರುತ್ತಿತ್ತು. ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯುವ ಆ ಚೂರು ಹೊತ್ತಿನಲ್ಲಿ ರೂಟರ್ ಆರಿ ಹತ್ತುತ್ತಿತ್ತು. ಇದಕ್ಕೆ ಪರಿಹಾರ ಸುಲಭ. ರೂಟರ್‌ಗೆ ಅಂತಲೇ 12 ವೋಲ್ಟ್‌ನ ಪುಟ್ಟ ಯುಪಿಎಸ್ ಸಿಗುತ್ತದೆ. ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್, ಆಂಪಿಯರ್ ನೋಡಿಕೊಂಡು ತಂದರೆ ಸಾಕು. ಅದನ್ನು ಹಾಕಿದ ಮೇಲೆ ಆ ಕಾಟ ಮುಗಿಯಿತು.

ಕೆಂಪು ದೀಪದ ಕಾಟ ಮಾತ್ರ ಉಳಿಯಿತು. ಎಲ್‌ಒಎಸ್ (ಲಾಸ್ ಆಫ್ ಸಿಗ್ನಲ್) ಅಂತ ಬರೆದಿರುವ ದೀಪ ಅದು. ಕೆಂಪಾದರೆ ಪೆಟ್ಟಿಗೆಗೆ ಬರುವ ಬೆಳಕು ಸಾಲುತ್ತಿಲ್ಲ ಅಂತ ಅರ್ಥ. ರೂಟರ್ ಪುಟದಲ್ಲೇ ಆಪ್ಟಿಕಲ್ ಪವರ್ ಅಂತ ಒಂದು ಲೆಕ್ಕ ಇರುತ್ತದೆ. ಅದು ಮೈನಸ್‌ನಲ್ಲಿ, ಬೆಳಕಿನ ಬಲ ಅಳೆಯುವ ಡಿಬಿಎಂ ಲೆಕ್ಕದಲ್ಲಿ ಇರುತ್ತದೆ. ಸಾಮಾನ್ಯವಾಗಿ -8ರಿಂದ -27ರ ಒಳಗೆ ಇರಬೇಕು. ಪ್ರತಿ 3 ಇಳಿದರೆ ಬೆಳಕು ಅರ್ಧಕ್ಕೆ ಇಳಿದ ಹಾಗೆ. ಹಾಗಾಗಿ -21 ಇದ್ದದ್ದು -27 ಆದರೆ ಕಾಲು ಭಾಗ ಬೆಳಕು ಮಾತ್ರ ಉಳಿದಿದೆ ಅಂತ. ಬಿಸಿಲಿದ್ದಾಗ ನಮ್ಮದು -21ರ ಆಸುಪಾಸು ಇರುತ್ತಿತ್ತು. ಗಾಳಿ ಎದ್ದಾಗ -26, -28 ಅಂತ ಕುಣಿಯುತ್ತಿತ್ತು. ಈ ಲೆಕ್ಕವನ್ನೂ ಡೈರಿಗೆ ಸೇರಿಸಿದೆ.

ರಸ್ತೆಯಲ್ಲಿ ಕೇಬಲ್ ಮೇಲೆ ಸಿಲ್ವರ್ ಓಕ್ ಕೊಂಬೆ ಒರಗಿದೆ, ಅದರಿಂದಲೇ ಅಂತ ಎಲ್ಲರೂ ಹೇಳುತ್ತಿದ್ದರು. ಕೊಂಬೆ ಕಡಿಸಿದರೂ ಏನೂ ಬದಲಾಗಲಿಲ್ಲ. ಗಾಳಿ ಇಲ್ಲದೆ ಬರೀ ಮಳೆ ಹೊಡೆದಾಗಲೂ ಲೆಕ್ಕ -24ಕ್ಕೆ ಇಳಿಯುತ್ತಿದ್ದದ್ದು ನನ್ನ ತಲೆ ಕೊರೆಯುತ್ತಿತ್ತು. ನಿನ್ನೆ ರಾತ್ರಿ ಡೈರಿ ಓದುತ್ತಾ ಕೂತಿದ್ದಾಗ ಅಮ್ಮ ಅಂದರು, 'ಎರಚಲು ಬಂತು ಅಂತ ಆ ಕಿಟಕಿ ಹಾಕ್ತೀನಲ್ಲ, ಆಮೇಲೇ ಅಲ್ವಾ ನಿಮ್ದು ಹೋಗೋದು?'

ಹೌದು! ಕೇಬಲ್ ಒಳಗೆ ಬಂದಿರುವುದು ಪಡುವಣ ಕಡೆಯ ಮರದ ಕಿಟಕಿಯ ಸಂದಿಯಿಂದ. ಕಿಟಕಿ ಬಾಗಿಲು ಹಾಕಿದರೆ ಚೌಕಟ್ಟಿನ ಅಂಚಿಗೆ ಸಿಕ್ಕಿ ಕೇಬಲ್ ಮಡಚುತ್ತದೆ. ಗಾಳಿ ಬಾಗಿಲನ್ನು ಒತ್ತಿದಷ್ಟೂ ಮಡಿಕೆ ಹೆಚ್ಚಾಗುತ್ತದೆ. ಒಳಗಿನ ಗಾಜಿನ ಎಳೆ ಕೂದಲಿನಷ್ಟು, 125 ಮೈಕ್ರಾನ್ ದಪ್ಪ. ಬೆಳಕು ಓಡುವುದು ಅದರ ನಡುವಿನ ಸುಮಾರು 9 ಮೈಕ್ರಾನ್‌ನಲ್ಲಿ. ಮೆಲ್ಲಗೆ ಬಾಗಿದರೆ ಬೆಳಕು ಒಳಗೇ ತಿರುಗಿಕೊಂಡು ಹೋಗುತ್ತದೆ. ಚೂಪಾಗಿ ಮಡಚಿದರೆ ಅಲ್ಲೇ ಹೊರಗೆ ಸೋರಿಬಿಡುತ್ತದೆ. ನಾನು ಕಿಟಕಿ ತೆಗೆದು ಲೆಕ್ಕ ನೋಡಿದೆ, -21. ಹಾಕಿದೆ, -24. ಕೈಯಲ್ಲಿ ಒತ್ತಿ ಹಿಡಿದೆ, ಕೆಂಪು ದೀಪ ಬಂತು. ಅಮ್ಮನನ್ನು ಅಪ್ಪಿಕೊಂಡೆ.

ಬೆಳಿಗ್ಗೆ ಲೈನ್ ನೋಡುವ ಹುಡುಗ ಬಂದ. ಡೈರಿ ತೋರಿಸಿದೆ. ಅಡಿಯಿಂದ ಮುಡಿಯವರೆಗೆ ಓದಿ, 'ಇಷ್ಟು ಬರೆದಿಟ್ಟರೆ ನಮಗೂ ಕೆಲಸ ಸುಲಭ ಅಕ್ಕ' ಅಂದ. ಪಾಪ, ದೂರು ಬಂದಾಗಲೆಲ್ಲ ಮಳೆಯಲ್ಲಿ ಗಾಡಿ ಓಡಿಸಿಕೊಂಡು ಬಂದು, ಸರಿ ಇರುವ ಲೈನ್ ನೋಡಿ ವಾಪಸ್ ಹೋಗುವವನು ಅವನೇ. ಕಿಟಕಿ ಪಕ್ಕದ ದಪ್ಪ ಗೋಡೆಯಲ್ಲಿ, ಹೊರಗಡೆಗೆ ಇಳಿಜಾರಾಗಿ ತೂತು ಕೊರೆದ. ಮಡಚಿ ನಲುಗಿದ್ದ ತುಂಡನ್ನು ಕತ್ತರಿಸಿ ತೆಗೆದು, ಹೊಸ ಹಸಿರು ಕನೆಕ್ಟರ್ ಹಾಕಿದ. ತೂತಿನ ಹೊರಗೆ ಕೇಬಲನ್ನು ಸ್ವಲ್ಪ ಕೆಳಗೆ ಜೋತು ಬಿಟ್ಟು ಆಮೇಲೆ ಒಳಗೆ ತಂದ. ಮಳೆನೀರು ಕೇಬಲ್ ಹಿಡಿದು ಒಳಗೆ ಬರದೆ ಅಲ್ಲೇ ತೊಟ್ಟಿಕ್ಕಲಿ ಅಂತ. ತಂಗಿ ಮಗಳು ಕತ್ತರಿಸಿದ ತುದಿಯಲ್ಲಿ ಬೆಳಕು ಕಾಣುತ್ತಾ ಅಂತ ಬಗ್ಗಿದಾಗ ಗದರಿ ನಿಲ್ಲಿಸಿದ. ಆ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ, ಆದರೆ ಕಣ್ಣಿಗೆ ಹಾನಿ ಮಾಡಬಹುದು. ಮಕ್ಕಳಿರುವ ಮನೆಯವರು ಇದನ್ನು ನೆನಪಿಡಿ.

ಮಧ್ಯಾಹ್ನದಿಂದ ಗಾಳಿ ಜೋರಾಗಿದೆ. ಕಿಟಕಿ ಭದ್ರವಾಗಿ ಹಾಕಿದೆ. ಲೆಕ್ಕ -20ರಲ್ಲಿ ಅಲುಗದೆ ನಿಂತಿದೆ. ಪಕ್ಕದ ಮನೆಗೂ ಕೇಬಲ್ ಕಿಟಕಿಯಿಂದಲೇ ಹೋಗಿದೆ. ಸೋಮವಾರ ಬಂದು ಅಲ್ಲೂ ತೂತು ಕೊರೆದು ಕೊಡುತ್ತೇನೆ ಅಂದಿದ್ದಾನೆ ಹುಡುಗ.