ಕಾಲೇಜ್ ಸ್ಟ್ರೀಟಿನ ಹಳೆಯ ಪುಸ್ತಕಗಳಿಗಾಗಿ ಕೋಲ್ಕತ್ತಕ್ಕೆ ಹೋಗುವವರಿಗೆ

ಮನೆಯಲ್ಲಿ ಸ್ವಂತ ಗ್ರಂಥಾಲಯ ಕಟ್ಟಿಕೊಳ್ಳುತ್ತಿರುವವರು ಹಳೆಯ ಪುಸ್ತಕಗಳನ್ನು ಅಗ್ಗವಾಗಿ ಕೊಳ್ಳಲೆಂದೇ ಕೋಲ್ಕತ್ತದ ಪುಸ್ತಕದಂಗಡಿಗಳ ಬೀದಿಯಾದ ಕಾಲೇಜ್ ಸ್ಟ್ರೀಟಿಗೆ ಹೋಗಿಬರಬಹುದೇ ಎಂದು ಕೇಳಿದರೆ, ಹೋಗಿಬಂದವನಾಗಿ ನಾನು ಹೌದೆನ್ನುತ್ತೇನೆ, ಆದರೆ ಒಂದು ಷರತ್ತಿನ ಮೇಲೆ. ಅಲ್ಲಿ ಪುಸ್ತಕದ ಬೆಲೆ ಕಡಿಮೆ ಎಂಬುದು ನಿಜವಾದರೂ, ಪ್ರಯಾಣ, ವಸತಿ, ಸಾಗಣೆ ಎಲ್ಲವನ್ನೂ ಪ್ರತಿಯೊಂದು ಪುಸ್ತಕದ ಮೇಲೆ ಹಂಚಿ ನೋಡಿದರೆ ಆ ಅಗ್ಗ ಬಹುಮಟ್ಟಿಗೆ ಕರಗಿಹೋಗುತ್ತದೆ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲೋ ಚರ್ಚ್ ಸ್ಟ್ರೀಟಿನಲ್ಲೋ ಸಿಗುವ ಕಾದಂಬರಿಯನ್ನೇ ಅಲ್ಲಿಂದ ಹೊತ್ತು ತಂದರೆ ಅದು ದುಬಾರಿಯ ಪುಸ್ತಕವೇ ಆಗುತ್ತದೆ. ನಮ್ಮ ಕಡೆ ಹುಡುಕಿಯೂ ಸಿಗದ ಪುಸ್ತಕಗಳಿಗಾಗಿ, ಅದರಲ್ಲೂ ಮರುಮುದ್ರಣ ನಿಂತುಹೋದವುಗಳಿಗಾಗಿ ಹೋಗುವವರಿಗೆ ಮಾತ್ರ ಈ ಪ್ರವಾಸ ಲಾಭದಾಯಕ.

ಹೋಗುವ ಕಾಲವನ್ನು ಎಚ್ಚರದಿಂದ ಆರಿಸಿಕೊಳ್ಳಬೇಕು. ನವೆಂಬರ್‌ನಿಂದ ಫೆಬ್ರುವರಿಯವರೆಗೆ ಹವೆ ಹಿತವಾಗಿದ್ದು, ದಿನವಿಡೀ ನಿಂತು ಪುಸ್ತಕ ನೋಡಲು ಸಾಧ್ಯವಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಈ ಬೀದಿಯಲ್ಲಿ ಮೊಣಕಾಲಿನವರೆಗೂ ನೀರು ನಿಲ್ಲುವುದುಂಟು. 2020ರ ಮೇ ತಿಂಗಳಲ್ಲಿ ಬೀಸಿದ ಆಂಫಾನ್ ಚಂಡಮಾರುತದ ಮರುದಿನ ಇಲ್ಲಿನ ಪುಸ್ತಕಗಳು ರಸ್ತೆಯ ನೀರಿನಲ್ಲಿ ತೇಲುತ್ತಿದ್ದ ಚಿತ್ರಗಳನ್ನು ಅನೇಕರು ನೋಡಿರಬಹುದು. ದುರ್ಗಾಪೂಜೆಯ ದಿನಗಳಲ್ಲಿ ಬೀದಿ ಪೂರ್ತಿ ಮುಚ್ಚಿರುತ್ತದೆ. ಭಾನುವಾರ ಹೆಚ್ಚಿನ ಅಂಗಡಿಗಳು ತೆರೆಯುವುದಿಲ್ಲವಾದ್ದರಿಂದ, ವಾರಾಂತ್ಯದ ರಜೆಯನ್ನು ನಂಬಿಕೊಂಡು ಟಿಕೆಟ್ ಕಾಯ್ದಿರಿಸುವವರು ನಿರಾಶರಾಗುತ್ತಾರೆ. ಬೆಳಿಗ್ಗೆ ಹನ್ನೊಂದಕ್ಕೆ ಮೊದಲು ಹೋಗಿ ಪ್ರಯೋಜನವಿಲ್ಲ. ಜನವರಿ ಕೊನೆಯ ಹೊತ್ತಿಗೆ ಸಾಲ್ಟ್ ಲೇಕ್‌ನಲ್ಲಿ ನಡೆಯುವ ಅಂತಾರಾಷ್ಟ್ರೀಯ ಪುಸ್ತಕ ಮೇಳದ ಜೊತೆಗೆ ಈ ಭೇಟಿಯನ್ನು ಸೇರಿಸಿಕೊಳ್ಳುವವರೂ ಇದ್ದಾರೆ. ಮೇಳದಲ್ಲಿರುವುದು ಬಹುಪಾಲು ಹೊಸ ಪುಸ್ತಕಗಳೆಂಬುದನ್ನು ಮಾತ್ರ ನೆನಪಿಟ್ಟುಕೊಳ್ಳಬೇಕು.

ಬೆಂಗಳೂರಿನಿಂದ ಹೊರಡುವವರಿಗೆ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಹೌರಾಕ್ಕೆ ನೇರ ರೈಲುಗಳಿವೆ. ಪ್ರಯಾಣಕ್ಕೆ ಒಂದು ಹಗಲು, ಒಂದು ರಾತ್ರಿಗಿಂತ ಹೆಚ್ಚು ಸಮಯ ಹಿಡಿಯುತ್ತದೆ. ಹೋಗುವಾಗ ವಿಮಾನದಲ್ಲಿ ಹೋಗಿ ಬರುವಾಗ ರೈಲಿನಲ್ಲಿ ಬರುವುದು ಪುಸ್ತಕ ಕೊಳ್ಳುವವರಿಗೆ ಒಪ್ಪುವ ಏರ್ಪಾಡು. ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯ ಟಿಕೆಟ್ಟಿಗೆ 15 ಕಿಲೋ ಸಾಮಾನು ಮತ್ತು ಕೈಚೀಲದಲ್ಲಿ 7 ಕಿಲೋ ಮಾತ್ರ ಒಯ್ಯಲು ಬಿಡುತ್ತಾರೆ. ರೈಲಿನ ಸ್ಲೀಪರ್ ಮತ್ತು ಎಸಿ ಮೂರನೆಯ ದರ್ಜೆಯಲ್ಲಿ 40 ಕಿಲೋ ಉಚಿತ. ಒಂದು ಸಾಧಾರಣ ಪೇಪರ್‌ಬ್ಯಾಕ್ 300 ಗ್ರಾಂ ತೂಗಿದರೆ ರಟ್ಟಿನ ದಪ್ಪ ಸಂಪುಟ ಸುಲಭವಾಗಿ ಒಂದು ಕಿಲೋ ಮುಟ್ಟುತ್ತದೆ. ಬಟ್ಟೆಬರೆಗೆ ಐದು ಕಿಲೋ ಬಿಟ್ಟರೆ ವಿಮಾನದ ಪೆಟ್ಟಿಗೆಯಲ್ಲಿ ಮೂವತ್ತು ಪೇಪರ್‌ಬ್ಯಾಕ್ ಅಥವಾ ಹತ್ತು ಸಂಪುಟ ಹಿಡಿಸಬಹುದು, ಅಷ್ಟೇ. ಹೊರಡುವ ಮೊದಲೇ ಕಿಲೋ ಲೆಕ್ಕದಲ್ಲಿ ಮಿತಿ ಹಾಕಿಕೊಂಡವನ ಆಯ್ಕೆ, ರೂಪಾಯಿ ಲೆಕ್ಕದಲ್ಲಿ ಮಿತಿ ಹಾಕಿಕೊಂಡವನ ಆಯ್ಕೆಗಿಂತ ಚೆನ್ನಾಗಿರುತ್ತದೆ ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಇಪ್ಪತ್ತು ಮೂವತ್ತು ರೂಪಾಯಿಯ ಪುಸ್ತಕಕ್ಕೆ ಕೈ ಸುಲಭವಾಗಿ ಚಾಚುತ್ತದೆ, ಅರ್ಧ ಕಿಲೋ ಭಾರಕ್ಕೆ ಚಾಚುವುದಿಲ್ಲ.

ಹೌರಾ ನಿಲ್ದಾಣದಿಂದ ಈಗ ಮೆಟ್ರೋದಲ್ಲೇ ಹೋಗಬಹುದು. 2025ರ ಆಗಸ್ಟ್‌ನಲ್ಲಿ ಎಸ್‌ಪ್ಲನೇಡ್ ಮತ್ತು ಸಿಯಾಲ್ದಾ ನಡುವಿನ ಭಾಗ ತೆರೆದ ಮೇಲೆ, ಹೂಗ್ಲಿ ನದಿಯ ಅಡಿಯಿಂದ ಹಾದು ನೇರವಾಗಿ ಸಿಯಾಲ್ದಾ ತಲುಪಿ, ಅಲ್ಲಿಂದ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಪಶ್ಚಿಮಕ್ಕೆ ಸುಮಾರು ಒಂದು ಕಿಲೋಮೀಟರ್ ನಡೆದರೆ ಕಾಲೇಜ್ ಸ್ಟ್ರೀಟಿನ ಚೌಕ ಸಿಗುತ್ತದೆ. ನಗರದ ದಕ್ಷಿಣ ಭಾಗದಲ್ಲಿ ತಂಗಿದವರಿಗೆ ಉತ್ತರ–ದಕ್ಷಿಣ ಮಾರ್ಗದ ಮಹಾತ್ಮಾ ಗಾಂಧಿ ರೋಡ್ ಅಥವಾ ಸೆಂಟ್ರಲ್ ನಿಲ್ದಾಣ ಅನುಕೂಲ. ಈ ಸುತ್ತಿನಲ್ಲೇ ಕೊಠಡಿ ಹಿಡಿಯುವುದು ಒಳ್ಳೆಯದು, ಕೊಂಡ ಪುಸ್ತಕಗಳನ್ನು ಮಧ್ಯಾಹ್ನ ಒಮ್ಮೆ ಇಟ್ಟುಬರಬಹುದು.

ಬಂಗಾಳಿಗಳು ಬೊಯಿ ಪಾಡಾ, ಅಂದರೆ ಪುಸ್ತಕಗಳ ಕೇರಿ, ಎಂದು ಕರೆಯುವ ಈ ಕೇರಿ ಹುಟ್ಟಿಕೊಂಡಿದ್ದು ವಿದ್ಯಾಸಂಸ್ಥೆಗಳ ಮಗ್ಗುಲಲ್ಲಿ. 1817ರಲ್ಲಿ ಹಿಂದೂ ಕಾಲೇಜಾಗಿ ಆರಂಭವಾಗಿ ಮುಂದೆ ಪ್ರೆಸಿಡೆನ್ಸಿಯಾದ ವಿದ್ಯಾಲಯ, ಸಂಸ್ಕೃತ ಕಾಲೇಜು, 1835ರ ವೈದ್ಯಕೀಯ ಕಾಲೇಜು, 1857ರ ಕಲ್ಕತ್ತ ವಿಶ್ವವಿದ್ಯಾಲಯ, ಎಲ್ಲವೂ ಈ ಬೀದಿಯಲ್ಲೋ ಅದರ ಪಕ್ಕದಲ್ಲೋ ಇವೆ. ಅವುಗಳ ಕಬ್ಬಿಣದ ಬೇಲಿಗೆ ಬೆನ್ನು ಕೊಟ್ಟು ಮರ, ತಗಡುಗಳ ಗೂಡಂಗಡಿಗಳು ಸಾಲಾಗಿ ನಿಂತಿವೆ. ವಿದ್ಯಾರ್ಥಿಗಳು ಓದಿ ಮುಗಿಸಿದ್ದನ್ನು ಮಾರುವುದರಿಂದಲೂ ಪ್ರಾಧ್ಯಾಪಕರ ಮನೆಗಳ ಸಂಗ್ರಹಗಳು ಅವರ ಕಾಲಾನಂತರ ವಿಲೇವಾರಿಯಾಗುವುದರಿಂದಲೂ ಇಲ್ಲಿಗೆ ಹಳೆಯ ಪುಸ್ತಕ ಬರುತ್ತದೆ. ಇದನ್ನು ತಿಳಿದುಕೊಂಡು ಹೋದರೆ ಏನನ್ನು ನಿರೀಕ್ಷಿಸಬೇಕೆಂಬುದೂ ತಿಳಿಯುತ್ತದೆ. ಇತಿಹಾಸ, ಅರ್ಥಶಾಸ್ತ್ರ, ತತ್ತ್ವಶಾಸ್ತ್ರ, ಗಣಿತ, ಇಂಗ್ಲಿಷ್ ಸಾಹಿತ್ಯದ ವಿಮರ್ಶೆ, ಈ ವಿಷಯಗಳಲ್ಲಿ ಬೀದಿ ಶ್ರೀಮಂತವಾಗಿದೆ. ಕನ್ನಡದ ಪುಸ್ತಕವನ್ನು ಹುಡುಕುವ ಶ್ರಮ ಬೇಡ. ಇನ್ನೊಂದು ಮಾತನ್ನೂ ಹೇಳಿಬಿಡಬೇಕು: ಕಣ್ಣಿಗೆ ಬೀಳುವ ಅಂಗಡಿಗಳಲ್ಲಿ ಹೆಚ್ಚಿನವು ಪಠ್ಯಪುಸ್ತಕ ಮತ್ತು ಸ್ಪರ್ಧಾತ್ಮಕ ಪರೀಕ್ಷೆಗಳ ಗೈಡುಗಳನ್ನು ಮಾರುವಂಥವು, ನಮಗೆ ಬೇಕಾದ ಅಂಗಡಿಗಳು ಅವುಗಳ ನಡುವೆ ಅಡಗಿವೆ. ಆದುದರಿಂದ ಮೊದಲ ಅರ್ಧ ದಿನ ಏನನ್ನೂ ಕೊಳ್ಳದೆ ಬೀದಿಯ ಎರಡೂ ಬದಿ ನಡೆದು, ಯಾವ ಗೂಡಂಗಡಿಯಲ್ಲಿ ಏನಿದೆ ಎಂಬುದನ್ನು ಬರೆದುಕೊಳ್ಳುವುದು ಮೇಲು.

ಗೂಡಂಗಡಿಯ ವ್ಯಾಪಾರಕ್ಕೆ ತನ್ನದೇ ರೀತಿಯಿದೆ. ಪುಸ್ತಕಗಳನ್ನು ನೆಲದಿಂದ ಸೂರಿನವರೆಗೆ ಒತ್ತೊತ್ತಾಗಿ ಪೇರಿಸಿರುವುದರಿಂದ ನಾವೇ ಎಳೆದು ನೋಡುವುದು ಸಾಧ್ಯವಿಲ್ಲ, ‘ಯಾವ ಪುಸ್ತಕ?’ ಎಂದು ಮಾರುವವರು ಮೊದಲು ಕೇಳುತ್ತಾರೆ. ‘ಸುಮ್ಮನೆ ನೋಡುತ್ತೇನೆ’ ಎನ್ನುವವರ ಮೇಲೆ ಅವರ ಗಮನ ಬಹಳ ಹೊತ್ತು ನಿಲ್ಲುವುದಿಲ್ಲ. ಲೇಖಕರ ಹೆಸರು, ಶೀರ್ಷಿಕೆ, ಪ್ರಕಾಶಕರು ಇವನ್ನು ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆದ ಪಟ್ಟಿಯನ್ನು ತೋರಿಸಿದರೆ, ಪೇರಿಕೆಯ ನಡುವಿನಿಂದ ಆ ಒಂದನ್ನೇ ಅವರು ಎಳೆದು ಕೊಡುವ ಚಾತುರ್ಯ ನೋಡುವಂಥದ್ದು. ತಮ್ಮಲ್ಲಿಲ್ಲದಿದ್ದರೆ ಹುಡುಗನನ್ನು ಅಕ್ಕಪಕ್ಕದ ಅಂಗಡಿಗೆ ಅಟ್ಟಿ ತರಿಸಿಕೊಡುತ್ತಾರೆ. ಹಾಗೆ ತರಿಸಿದ ಪುಸ್ತಕದ ಬೆಲೆಯಲ್ಲಿ ಎರಡು ಅಂಗಡಿಗಳ ಲಾಭ ಸೇರಿರುತ್ತದೆ ಎಂಬುದನ್ನು ಮರೆಯದೆ, ಅವಸರವಿಲ್ಲದವರು ತಾವೇ ನಡೆದು ಹುಡುಕುವುದು ಲೇಸು. ಹಿಂದಿ, ಇಂಗ್ಲಿಷ್ ಎರಡೂ ನಡೆಯುತ್ತವೆ, ‘ದಾದಾ’ (ಬಂಗಾಳಿಯಲ್ಲಿ ಅಣ್ಣ) ಎಂದು ಮಾತು ಆರಂಭಿಸಿದರೆ ಸಾಕು.

ಚೌಕಾಸಿ ಮಾಡದೆ ಇಲ್ಲಿ ಯಾರೂ ಕೊಳ್ಳುವುದಿಲ್ಲ, ಆದರೆ ಅದಕ್ಕೂ ಒಂದು ಆಧಾರ ಬೇಕು. ಇತ್ತೀಚಿನ ಭಾರತೀಯ ಮುದ್ರಣವಾದರೆ ಮುದ್ರಿತ ಬೆಲೆಯ ಅರ್ಧದಿಂದ ಮಾತು ಶುರುಮಾಡಬಹುದು. 1970ರ ದಶಕದ ಪುಸ್ತಕದ ಮೇಲೆ ಆರು ರೂಪಾಯಿ ಎಂದು ಅಚ್ಚಾಗಿರುವುದನ್ನು ತೋರಿಸಿ ವಾದಿಸುವುದು ಹಾಸ್ಯಾಸ್ಪದ. ಆ ಬೆಲೆಗೆ ಇಂದು ಚಹಾ ಕೂಡ ಬರುವುದಿಲ್ಲ. ಒಂದೊಂದಕ್ಕೂ ಜಗ್ಗಾಡುವ ಬದಲು ಏಳೆಂಟು ಪುಸ್ತಕಗಳನ್ನು ಒಂದೇ ಕಡೆ ಆರಿಸಿ ಒಟ್ಟು ಬೆಲೆ ಕೇಳಿದಾಗ ಹೆಚ್ಚಿನ ಇಳಿಕೆ ಸಿಕ್ಕಿದ್ದು ನನ್ನ ಅನುಭವ. ಮೊಬೈಲಿನಿಂದ ಹಣ ಕಟ್ಟಬಹುದಾದರೂ ಚಿಲ್ಲರೆ ನೋಟುಗಳು ಕೈಯಲ್ಲಿರಲಿ.

ಬೆಲೆಗಿಂತಲೂ ಹೆಚ್ಚಿನ ಗಮನ ಪ್ರತಿಯ ಸ್ಥಿತಿಯ ಮೇಲಿರಬೇಕು, ಏಕೆಂದರೆ ಎರಡು ಸಾವಿರ ಕಿಲೋಮೀಟರಿನಷ್ಟು ದೂರದಿಂದ ಮರಳಿಸಲು ಬರುವಂತಿಲ್ಲ. ಪುಸ್ತಕ ಹದಿನಾರು ಪುಟಗಳ ಫಾರಂಗಳಲ್ಲಿ ಅಚ್ಚಾಗಿ ಜೋಡಣೆಯಾಗುವುದರಿಂದ, ಬೈಂಡಿಂಗಿನಲ್ಲಿ ತಪ್ಪಾಗಿದ್ದರೆ ಒಂದೆರಡು ಪುಟವಲ್ಲ, ಇಡೀ ಫಾರಂ ಕಾಣೆಯಾಗಿರುತ್ತದೆ: 32ನೆಯ ಪುಟದ ನಂತರ ನೇರವಾಗಿ 49 ಬಂದಿರಬಹುದು, ಇಲ್ಲವೇ ಒಂದೇ ಫಾರಂ ಎರಡು ಸಲ ಸೇರಿಕೊಂಡಿರಬಹುದು. ಫಾರಂ ಮುಗಿಯುವ ಸ್ಥಳಗಳಲ್ಲಿ ಪುಟಸಂಖ್ಯೆ ನೋಡಿಕೊಂಡರೆ ಪರೀಕ್ಷೆ ಬೇಗ ಮುಗಿಯುತ್ತದೆ. ಕಲೆ ಮತ್ತು ಇತಿಹಾಸದ ಪುಸ್ತಕಗಳಲ್ಲಿ ಚಿತ್ರಪುಟಗಳನ್ನೂ ಮಡಿಚಿದ ನಕ್ಷೆಗಳನ್ನೂ ಕತ್ತರಿಸಿ ತೆಗೆದಿರುವುದುಂಟು. ಮುಂದಿನ ಚಿತ್ರಸೂಚಿಯೊಂದಿಗೆ ತಾಳೆ ನೋಡಬೇಕು. ಬೆನ್ನಿನ ಒಳಭಾಗದಲ್ಲಿ ಸೂಜಿಮೊನೆಯಂಥ ತೂತುಗಳಿದ್ದು ಅಲುಗಾಡಿಸಿದಾಗ ಹಿಟ್ಟಿನಂಥ ಪುಡಿ ಉದುರಿದರೆ ಒಳಗೆ ಹುಳ ಬದುಕಿದೆ ಎಂದರ್ಥ, ಎಷ್ಟೇ ಅಪರೂಪದ್ದಾದರೂ ಅದನ್ನು ಬಿಟ್ಟುಬಿಡುವುದು ಮನೆಯ ಉಳಿದ ಪುಸ್ತಕಗಳಿಗೆ ಮಾಡುವ ಉಪಕಾರ. ಹೊಲಿಗೆ ಬೈಂಡಿಂಗಿನ ಪ್ರತಿ ಎಷ್ಟೇ ಸಡಿಲವಾಗಿದ್ದರೂ ಮತ್ತೆ ಕಟ್ಟಿಸಬಹುದು; ಬರೀ ಅಂಟಿನಿಂದ ಹಿಡಿದಿಟ್ಟ ಹಳೆಯ ಪೇಪರ್‌ಬ್ಯಾಕ್ ಒಮ್ಮೆ ಸೀಳಿದರೆ ಎಲೆಎಲೆಯಾಗಿ ಕಳಚುತ್ತದೆ. ಗ್ರಂಥಾಲಯದ ಮುದ್ರೆಯಿದ್ದು, ಅದನ್ನು ಸಂಗ್ರಹದಿಂದ ತೆಗೆದುಹಾಕಿದ್ದೇವೆ ಎಂಬ ಎರಡನೆಯ ಮುದ್ರೆ ಇಲ್ಲದ ಪುಸ್ತಕವನ್ನು ನಾನು ಮುಟ್ಟುವುದಿಲ್ಲ. ಈಚಿನ ಜನಪ್ರಿಯ ಪುಸ್ತಕಗಳು ಹೊಸದರಂತೆ ಹೊಳೆಯುತ್ತ ಕಾಲು ಬೆಲೆಗೆ ಸಿಕ್ಕರೆ ಅವು ಕಳ್ಳಮುದ್ರಣವೆಂದೇ ತಿಳಿಯಬೇಕು. ಮಸುಕಾದ ಅಕ್ಷರ, ಹಿಂದಿನ ಪುಟದ ಸಾಲುಗಳು ಕಾಣುವ ತೆಳು ಕಾಗದ, ಓರೆಯಾದ ಅಂಚು ಅದರ ಗುರುತು.

ಇಷ್ಟೆಲ್ಲ ಪರೀಕ್ಷೆಯನ್ನು ಜನದಟ್ಟಣೆಯ ಪಾದಚಾರಿ ಮಾರ್ಗದಲ್ಲಿ ನಿಂತು ಮಾಡುವುದು ಕಷ್ಟ. ಕೊಂಡದ್ದನ್ನು ಎತ್ತಿಕೊಂಡು ಪ್ರೆಸಿಡೆನ್ಸಿಯ ಎದುರಿನ ಆಲ್ಬರ್ಟ್ ಹಾಲ್ ಕಟ್ಟಡದ ಕಾಫಿ ಹೌಸಿಗೆ ಹತ್ತಿ, ಒಂದು ಲೋಟ ಕಾಫಿಯ ನೆಪದಲ್ಲಿ ಪುಟಪುಟವಾಗಿ ತಿರುವಿ ನೋಡಿ, ದೋಷವಿದ್ದರೆ ಅಂದೇ ಅಂಗಡಿಗೆ ಮರಳಿಸುವುದು ಒಳ್ಳೆಯ ಉಪಾಯ. 1942ರಿಂದ ಅಲ್ಲಿ ಕಾಫಿ ಹೌಸ್ ನಡೆಯುತ್ತಿದೆ, ಮೇಜಿನ ಮೇಲೆ ಪುಸ್ತಕದ ರಾಶಿ ಹರಡಿದವರನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ.

ಏನನ್ನು ಕೊಳ್ಳಬೇಕು ಎಂಬುದು ಅವರವರ ಓದಿಗೆ ಬಿಟ್ಟದ್ದಾದರೂ, ಇಲ್ಲಿ ಮಾತ್ರ ಸಮೃದ್ಧವಾಗಿ ಕಂಡ ಕೆಲವನ್ನು ಹೇಳಬಹುದು. ಪೆಂಗ್ವಿನ್ ಪ್ರಕಾಶನದಿಂದ 1937ರಲ್ಲಿ ಆರಂಭವಾದ ಪೆಲಿಕನ್ ಮಾಲೆಯ ನೀಲಿ ಹೊದಿಕೆಯ ಪುಸ್ತಕಗಳು, ಬ್ರಿಟಿಷ್ ಸರ್ಕಾರದ ನೆರವಿನಿಂದ ವಿದ್ಯಾರ್ಥಿಗಳಿಗಾಗಿ ಅಗ್ಗದ ಬೆಲೆಗೆ ಬರುತ್ತಿದ್ದ ಇಎಲ್‌ಬಿಎಸ್ ಮುದ್ರಣಗಳು, ಸೋವಿಯತ್ ಒಕ್ಕೂಟ 1991ರಲ್ಲಿ ಒಡೆಯುವವರೆಗೂ ಮಾಸ್ಕೋದಿಂದ ಬರುತ್ತಿದ್ದ ಮೀರ್ ಪ್ರಕಾಶನದ ಗಣಿತ, ಭೌತಶಾಸ್ತ್ರದ ಪುಸ್ತಕಗಳು. ಇವುಗಳಲ್ಲಿ ಮೀರ್ ಪುಸ್ತಕಗಳಿಗೆ ನನ್ನ ಮೊದಲ ಮತ. ಗಟ್ಟಿ ರಟ್ಟು, ಹೊಲಿಗೆ, ದಶಕಗಳಾದರೂ ಬಿಡದ ಕಟ್ಟು. ಸಂಪುಟಗಳ ಮಾಲೆಯನ್ನು ಬಿಡಿಬಿಡಿಯಾಗಿ ಕೊಳ್ಳುವ ಆಸೆಯನ್ನು ಹತ್ತಿಕ್ಕಬೇಕು. ಆರರಲ್ಲಿ ಸಿಗದ ಒಂದು ಸಂಪುಟ ಸಾಮಾನ್ಯವಾಗಿ ಎಲ್ಲಿಯೂ ಸಿಗುವುದಿಲ್ಲ. ಸಮಯ ಮಿಕ್ಕರೆ ದಕ್ಷಿಣದ ಗೋಲ್ ಪಾರ್ಕಿನ ಪಾದಚಾರಿ ಮಾರ್ಗದ ಅಂಗಡಿಗಳನ್ನೂ ಮಿರ್ಜಾ ಗಾಲಿಬ್ ಬೀದಿಯನ್ನೂ ನೋಡಬಹುದು. ಗಾಲಿಬ್ ಬೀದಿಯನ್ನು ಹಳೆಯ ಜನ ಫ್ರೀ ಸ್ಕೂಲ್ ಸ್ಟ್ರೀಟ್ ಎಂದೇ ಕರೆಯುತ್ತಾರೆ. ಕಾದಂಬರಿ, ನಿಯತಕಾಲಿಕಗಳಿಗೆ ಆ ಎರಡೂ ಸ್ಥಳಗಳು ವಾಸಿ.

ಸಾಗಣೆಯ ವಿಷಯದಲ್ಲಿ, ಅಂಚೆ ಇಲಾಖೆಯ ಹಳೆಯ ನೋಂದಾಯಿತ ಬುಕ್ ಪೋಸ್ಟ್ ಸೌಲಭ್ಯ 2024ರ ಡಿಸೆಂಬರ್‌ನಲ್ಲಿ ನಿಂತುಹೋಗಿದೆ. ಅದನ್ನು ನೆಚ್ಚಿಕೊಂಡು ಹೋಗಬಾರದು. 2025ರ ಮೇ 1ರಿಂದ ಬಂದಿರುವ ಜ್ಞಾನ್ ಪೋಸ್ಟ್‌ನಲ್ಲಿ ಶೈಕ್ಷಣಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳನ್ನು 300 ಗ್ರಾಂನಿಂದ 5 ಕಿಲೋವರೆಗಿನ ಕಟ್ಟುಗಳಲ್ಲಿ ಕಳುಹಿಸಬಹುದಾಗಿದ್ದು, ಆರಂಭದಲ್ಲಿ ಗೊತ್ತುಪಡಿಸಿದ ದರ 20ರಿಂದ 100 ರೂಪಾಯಿ, ತೆರಿಗೆ ಬೇರೆ. ನೆಲಮಾರ್ಗದಲ್ಲಿ ಬರುವುದರಿಂದ ತಡವಾಗುತ್ತದೆ. ನಮ್ಮ ಪುಸ್ತಕ ಆ ವರ್ಗಗಳಲ್ಲಿ ಸೇರುತ್ತದೆಯೇ ಎಂದು ಕಟ್ಟು ಅಂಟಿಸುವ ಮೊದಲೇ ಕೌಂಟರಿನಲ್ಲಿ ಕೇಳಿಕೊಳ್ಳಬೇಕು, ಇಲ್ಲದಿದ್ದರೆ ಸಾಮಾನ್ಯ ಪಾರ್ಸೆಲ್ ದರ ತೆರಬೇಕಾಗುತ್ತದೆ. ಭಾರದ, ಬೇಗ ಬೇಡದ ಪುಸ್ತಕಗಳನ್ನು ಹೀಗೆ ಕಳುಹಿಸಿ, ಅಪರೂಪದವನ್ನು ಕೈಯಲ್ಲೇ ತರುವುದು ಸರಿ. ಅಂಚೆಗೆ ಹಾಕುವಾಗ ಮೊದಲು ಪ್ಲಾಸ್ಟಿಕ್ ಹಾಳೆ, ಮೂಲೆಗಳಿಗೆ ರಟ್ಟಿನ ತುಂಡು, ಮೇಲೆ ಗಟ್ಟಿ ಕಾಗದ ಸುತ್ತಬೇಕು.

ಊರು ಸೇರಿದ ಮೇಲೆ ಈ ಪುಸ್ತಕಗಳನ್ನು ನೇರವಾಗಿ ಕಪಾಟಿಗೆ ಸೇರಿಸಬಾರದು. ಬಂಗಾಳದ ತೇವ ಹಾಳೆಗಳಲ್ಲಿ ಉಳಿದಿರುತ್ತದೆ. ಬಿಸಿಲಿಗಿಡದೆ, ಗಾಳಿಯಾಡುವ ನೆರಳಿನಲ್ಲಿ ಪುಟ ಬಿಡಿಸಿ ನಿಲ್ಲಿಸಿ, ಒಣ ಕುಂಚದಿಂದ ಧೂಳು ತೆಗೆದು, ಕೆಲವು ವಾರ ಬೇರೆಯೇ ಇಡಬೇಕು. ಹುಳದ ಅನುಮಾನವಿದ್ದರೆ ಚೆನ್ನಾಗಿ ಒಣಗಿದ ಮೇಲೆ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಫ್ರೀಜರ್‌ನಲ್ಲಿ ಎರಡು ವಾರ ಇಟ್ಟು, ಹೊರತೆಗೆದ ಮೇಲೆ ಚೀಲವನ್ನು ಒಂದು ದಿನ ಬಿಚ್ಚದೆ ಬಿಡಬೇಕು. ದೊಡ್ಡ ಗ್ರಂಥಾಲಯಗಳೂ ಹುಳ ಕೊಲ್ಲಲು ಶೈತ್ಯವನ್ನೇ ಬಳಸುತ್ತವೆ. ನುಸಿಗುಳಿಗೆಯ ಹೊಗೆ ಓದುವವರ ಆರೋಗ್ಯಕ್ಕೆ ಒಳ್ಳೆಯದಲ್ಲ. ಒಣಗುತ್ತಿರುವ ಈ ದಿನಗಳಲ್ಲೇ ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಶೀರ್ಷಿಕೆ, ಲೇಖಕ, ಮುದ್ರಣದ ವರ್ಷ, ಕೊಂಡ ಸ್ಥಳ ಮತ್ತು ಬೆಲೆ ದಾಖಲಿಸಿ, ಅದೇ ಕ್ರಮಸಂಖ್ಯೆಯನ್ನು ಪುಸ್ತಕದ ಕೊನೆಯ ಖಾಲಿ ಪುಟದಲ್ಲಿ ಪೆನ್ಸಿಲಿನಿಂದ ಬರೆದಿಡಬಹುದು. ಪಟ್ಟಿಯಲ್ಲಿದ್ದೂ ಈ ಬಾರಿ ಸಿಗದವುಗಳನ್ನು ಅದೇ ನೋಟ್‌ಬುಕ್ಕಿನ ಹಿಂಬದಿಗೆ ವರ್ಗಾಯಿಸಿಕೊಂಡರೆ, ಆ ಕಡೆ ಹೋಗುವ ಪರಿಚಿತರ ಕೈಗೆ ಕೊಡಲು ಹೊಸ ಪಟ್ಟಿ ಸಿದ್ಧವಾಗಿರುತ್ತದೆ.