ಕೆಲಸ ಇಲ್ಲದವರಿಗೆ ಕೆಲಸ ಯಾಕೆ ಕೊಡುವುದಿಲ್ಲ?

ಹುಬ್ಬಳ್ಳಿ-ಧಾರವಾಡದ ಸಣ್ಣ ಮತ್ತು ಮಧ್ಯಮ ಕಾರ್ಖಾನೆಗಳಿಗೆ ಸಿಬ್ಬಂದಿಯನ್ನು ಆಯ್ಕೆ ಮಾಡಿಕೊಡುವ ಕೆಲಸದಲ್ಲಿ ನಾನು ಬಹಳ ವರ್ಷಗಳಿಂದ ಇರುವುದರಿಂದ, ಮದುವೆ ಮನೆಗೆ ಹೋದರೂ, ಸಂಜೆ ಬಸ್ಸಿಗೆ ನಿಂತರೂ ಯಾರಾದರೊಬ್ಬರು ತಡೆದು ಒಂದೇ ಪ್ರಶ್ನೆ ಕೇಳುತ್ತಾರೆ: “ಸರ, ಕೆಲಸದಾಗ ಇದ್ದಾವ್ರಿಗೇ ಮತ್ತೊಂದು ಕೆಲಸ ಸಿಗತೈತಿ. ಖಾಲಿ ಕುಂತಾವ್ರನ್ನ ಯಾರೂ ಕರೆಯಂಗಿಲ್ಲ. ಯಾಕ್ರಿ ಹಂಗ?” ಕೇಳುವವರಲ್ಲಿ ಹೆಚ್ಚಿನವರು ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದಿ ಕೆಲವು ವರ್ಷ ಕಳೆದ ಪದವೀಧರರು, ಇಲ್ಲವೇ ಅವರ ತಂದೆ-ತಾಯಂದಿರು. ಕೆಲಸವಿಲ್ಲದೆ ಕಳೆದ ಅವಧಿಯಿಂದ ಒಬ್ಬರ ಯೋಗ್ಯತೆಯನ್ನು ಅಳೆಯಲಾಗದು ಎಂಬುದು ನನ್ನ ಉತ್ತರ. ನಮ್ಮ ಭಾಗದಲ್ಲಂತೂ ಆ ಅವಧಿಯ ದೊಡ್ಡ ಪಾಲು ನೇಮಕಾತಿ ನಡೆಸುವ ವ್ಯವಸ್ಥೆಯ ವಿಳಂಬದಿಂದಲೇ ಹುಟ್ಟಿದ್ದು, ಅದರ ಹೊಣೆಯನ್ನು ಅಭ್ಯರ್ಥಿಯ ತಲೆಗೆ ಕಟ್ಟುವುದು ಅನ್ಯಾಯ.

ಒಳಗೆ ನಡೆಯುವುದೇನು ಎಂಬುದನ್ನು ಮೊದಲು ಹೇಳಬೇಕು. ಒಂದು ಹುದ್ದೆಗೆ ಜಾಹೀರಾತು ಕೊಟ್ಟರೆ ಎರಡೇ ದಿನಗಳಲ್ಲಿ ಓದಿ ಮುಗಿಸಲಾಗದಷ್ಟು ಅರ್ಜಿಗಳು ಬಂದು ಬೀಳುತ್ತವೆ. ಅವುಗಳನ್ನು ಮೊದಲ ಸುತ್ತಿನಲ್ಲಿ ಸೋಸುವವರಿಗೆ ಯಾರ ಕೌಶಲವನ್ನೂ ಪರೀಕ್ಷಿಸುವ ಪುರಸೊತ್ತಿರುವುದಿಲ್ಲ, ಪಕ್ಕಕ್ಕಿಡಲು ಒಂದು ಕಾರಣ ಸಿಕ್ಕರೆ ಸಾಕಾಗಿರುತ್ತದೆ. ಬಯೋಡೇಟಾದಲ್ಲಿ ಕಾಣುವ ಖಾಲಿ ವರ್ಷಗಳು ಎಲ್ಲಕ್ಕಿಂತ ಸುಲಭವಾಗಿ ಸಿಗುವ ಕಾರಣ. “ಇಷ್ಟು ದಿನ ಯಾರೂ ತೆಗೆದುಕೊಂಡಿಲ್ಲ ಎಂದರೆ ಏನೋ ಕೊರತೆ ಇರಬೇಕು” ಎಂಬುದು ಅದರ ಹಿಂದಿನ ಯೋಚನೆ. ಹಿಂದೆ ಅದೇ ಅರ್ಜಿಯನ್ನು ಪಕ್ಕಕ್ಕಿಟ್ಟ ಇನ್ನೊಬ್ಬರು ಕೂಡ ಅಭ್ಯರ್ಥಿಯನ್ನು ನೋಡದೆ, ಮಾತನಾಡಿಸದೆ, ಇದೇ ಯೋಚನೆಯಿಂದಲೇ ಇಟ್ಟಿರುತ್ತಾರೆ ಎಂಬುದು ಯಾರಿಗೂ ಹೊಳೆಯುವುದಿಲ್ಲ. ಹೀಗೆ ಒಬ್ಬರೂ ಪರೀಕ್ಷಿಸದ ವ್ಯಕ್ತಿಯನ್ನು ಎಲ್ಲರೂ ಪರೀಕ್ಷಿಸಿ ಬಿಟ್ಟವನೆಂದು ತಿಳಿಯಲಾಗುತ್ತದೆ, ತಿಂಗಳು ಕಳೆದಂತೆ ಆ ಅನುಮಾನ ಗಟ್ಟಿಯಾಗುತ್ತ ಹೋಗುತ್ತದೆ.

ಇದು ನನ್ನೊಬ್ಬನ ಅನುಭವದ ಮಾತಲ್ಲ. ಕೋರಿ ಕ್ರಾಫ್ಟ್, ಫೇಬಿಯನ್ ಲ್ಯಾಂಗ್ ಮತ್ತು ಮ್ಯಾಥ್ಯೂ ನೊಟೊವಿಡಿಗ್ಡೊ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ 100 ನಗರ ಪ್ರದೇಶಗಳಲ್ಲಿ ಸುಮಾರು 3,000 ಹುದ್ದೆಗಳಿಗೆ ಸುಮಾರು 12,000 ಕಾಲ್ಪನಿಕ ಬಯೋಡೇಟಾಗಳನ್ನು ಕಳುಹಿಸಿ, ಬಂದ ಕರೆಗಳನ್ನು ಲೆಕ್ಕ ಹಾಕಿ, 2013ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಕೆಲಸವಿಲ್ಲದ ಅವಧಿ ಹೆಚ್ಚಿದಂತೆ ಸಂದರ್ಶನದ ಕರೆಗಳು ಮೊದಲ ಎಂಟು ತಿಂಗಳಲ್ಲೇ ತೀವ್ರವಾಗಿ ಇಳಿದವು. ಆದರೆ ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅದೇ ಅಧ್ಯಯನದ ಇನ್ನೊಂದು ಫಲಿತಾಂಶ: ಎಲ್ಲರಿಗೂ ಕೆಲಸ ಸಿಗುವುದು ಕಷ್ಟವಾಗಿದ್ದ ಊರುಗಳಲ್ಲಿ ಈ ಇಳಿತ ಕಡಿಮೆಯಿತ್ತು. ಅಂದರೆ ಊರಿನಲ್ಲೇ ಕೆಲಸಗಳಿಲ್ಲ ಎಂದು ಗೊತ್ತಿದ್ದಾಗ ಮಾಲೀಕರು ಖಾಲಿ ಅವಧಿಯನ್ನು ಅಭ್ಯರ್ಥಿಯ ದೋಷವೆಂದು ಅಷ್ಟಾಗಿ ಓದುವುದಿಲ್ಲ. ಸ್ವೀಡನ್‌ನಲ್ಲಿ ಸ್ಟೆಫಾನ್ ಎರಿಕ್ಸನ್ ಮತ್ತು ಡಾನ್-ಓಲೋಫ್ ರೂತ್ ನಡೆಸಿದ ಇಂಥದ್ದೇ ಪ್ರಯೋಗದಲ್ಲಿ, ಹಿಂದೆಂದೋ ಖಾಲಿ ಇದ್ದು ಆಮೇಲೆ ಕೆಲಸ ಹಿಡಿದವರಿಗೆ ಯಾವ ತೊಂದರೆಯೂ ಕಾಣಲಿಲ್ಲ, ಸದ್ಯ ಒಂಬತ್ತು ತಿಂಗಳಿಂದ ಖಾಲಿ ಇರುವವರಿಗೆ, ಅದೂ ಹೆಚ್ಚಿನ ವಿದ್ಯಾರ್ಹತೆ ಬೇಡದ ಹುದ್ದೆಗಳಲ್ಲಿ, ಪೆಟ್ಟು ಬಿತ್ತು. ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ ಎಂಬುದನ್ನೂ ಸೇರಿಸಬೇಕು. ಪದವೀಧರ ಮಹಿಳೆಯರ ಕಚೇರಿ ಕೆಲಸದ ಅರ್ಜಿಗಳನ್ನಿಟ್ಟುಕೊಂಡು ಅಮೆರಿಕದಲ್ಲೇ ನಡೆದ ಇನ್ನೊಂದು ಪ್ರಯೋಗದಲ್ಲಿ ಅವಧಿಗೂ ಕರೆಗಳಿಗೂ ಸಂಬಂಧ ಕಂಡುಬರಲಿಲ್ಲ.

ಈಗ ನಮ್ಮೂರಿಗೆ ಬರೋಣ. ಉತ್ತರ ಕರ್ನಾಟಕದ ಎಷ್ಟೋ ಜಿಲ್ಲೆಗಳ ಹುಡುಗ-ಹುಡುಗಿಯರು ಧಾರವಾಡದ ಸಪ್ತಾಪುರದಂಥ ಬಡಾವಣೆಗಳಲ್ಲಿ ಕೋಣೆ ಹಿಡಿದು, ತಿಂಗಳ ಶುಲ್ಕ ಕಟ್ಟುವ ವಾಚನಾಲಯಗಳಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಕುಳಿತು ಪಿಎಸ್‌ಐ, ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಕೆಎಎಸ್ ಪರೀಕ್ಷೆಗಳಿಗೆ ಓದುತ್ತಾರೆ. 545 ಪಿಎಸ್‌ಐ ಹುದ್ದೆಗಳ ನೇಮಕಾತಿಯನ್ನೇ ನೋಡಿ. 2021ರ ಅಕ್ಟೋಬರ್‌ನಲ್ಲಿ 50 ಸಾವಿರಕ್ಕೂ ಹೆಚ್ಚು ಮಂದಿ ಪರೀಕ್ಷೆ ಬರೆದರು, 2022ರ ಜನವರಿಯಲ್ಲಿ ತಾತ್ಕಾಲಿಕ ಆಯ್ಕೆಪಟ್ಟಿ ಬಂತು, ಅಕ್ರಮ ಬಯಲಾಗಿ ಏಪ್ರಿಲ್‌ನಲ್ಲಿ ಪರೀಕ್ಷೆ ರದ್ದಾಯಿತು, ಪ್ರಕರಣ ಹೈಕೋರ್ಟ್‌ಗೆ ಹೋಗಿ, 2023ರ ನವೆಂಬರ್‌ನಲ್ಲಿ ಮರುಪರೀಕ್ಷೆಯ ನಿರ್ಧಾರವನ್ನು ನ್ಯಾಯಾಲಯ ಎತ್ತಿಹಿಡಿದು, 2024ರ ಜನವರಿಯಲ್ಲಿ ಮರುಪರೀಕ್ಷೆ ನಡೆಯಿತು. ಒಂದೇ ಪರೀಕ್ಷೆಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ಕಾದವರಲ್ಲಿ ಬಹುಪಾಲು ಜನ ಪ್ರಾಮಾಣಿಕವಾಗಿ ಓದಿದವರು. 384 ಕೆಎಎಸ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯೂ 2024ರ ಆಗಸ್ಟ್‌ನಲ್ಲಿ ನಡೆದು, ಕನ್ನಡ ಅನುವಾದದ ತಪ್ಪುಗಳಿಂದಾಗಿ ಡಿಸೆಂಬರ್‌ನಲ್ಲಿ ಮತ್ತೆ ನಡೆಯಿತು. ಇದೆಲ್ಲ ಇಲ್ಲಿನ ಪ್ರತಿಯೊಬ್ಬ ಮಾಲೀಕರಿಗೂ ಗೊತ್ತಿರುವ ಸಂಗತಿ, ಕೆಲವರ ಸ್ವಂತ ಮಕ್ಕಳೇ ಆ ಸಾಲಿನಲ್ಲಿ ಕಾದವರು. ಹಾಗಿದ್ದೂ ಸಂದರ್ಶನದ ಮೇಜಿನ ಮುಂದೆ ಕುಳಿತಾಗ “ಮೂರು ವರ್ಷ ಏನು ಮಾಡುತ್ತಿದ್ದಿರಿ?” ಎಂದು ಅಪರಾಧಿಯನ್ನು ಕೇಳುವ ಧ್ವನಿಯಲ್ಲಿ ಕೇಳುತ್ತಾರೆ.

ಗೋಕುಲ ರಸ್ತೆಯ ಒಂದು ಕಾರ್ಖಾನೆಗೆ ಲೆಕ್ಕಪತ್ರ ಸಹಾಯಕ ಬೇಕಾಗಿತ್ತು. ಕುಂದಗೋಳ ತಾಲ್ಲೂಕಿನ ಬಿ.ಕಾಂ. ಪದವೀಧರನೊಬ್ಬನ ಬಯೋಡೇಟಾ ನನ್ನ ಕೈಗೆ ಬಂದಾಗ, ಪದವಿ ಮುಗಿದ ವರ್ಷದ ಸುತ್ತ ಅಲ್ಲಿನ ವ್ಯವಸ್ಥಾಪಕರು ಪೆನ್ಸಿಲ್‌ನಿಂದ ಒಂದು ವೃತ್ತ ಎಳೆದು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಹುಡುಗನನ್ನು ಕರೆಸಿ ಕೇಳಿದರೆ, “ಏನೂ ಮಾಡಿಲ್ರಿ ಸರ, ಓದಕೋತ ಇದ್ದೆ” ಎಂದು ತಲೆ ತಗ್ಗಿಸಿದ. ಊರಿಗೆ ಹೋದಾಗ ಏನು ಮಾಡುತ್ತಿದ್ದೆ ಎಂದು ಬಿಡಿಸಿ ಕೇಳಿದ ಮೇಲೆ ಹೊರಬಂದ ವಿಷಯವೆಂದರೆ, ಮೆಣಸಿನಕಾಯಿ ಹಂಗಾಮಿನಲ್ಲಿ ಆತ ಬ್ಯಾಡಗಿಯ ದಲಾಲಿ ಅಂಗಡಿಯೊಂದರಲ್ಲಿ ಕುಳಿತು, ಒಬ್ಬೊಬ್ಬ ರೈತನ ಚೀಲಗಳ ತೂಕ, ಟೆಂಡರಿನಲ್ಲಿ ನಿಂತ ದರ, ಹಮಾಲಿ, ಮೊದಲೇ ಪಡೆದ ಮುಂಗಡ, ಎಲ್ಲವನ್ನೂ ಲೆಕ್ಕ ಹಾಕಿ ಪಟ್ಟಿ ಬರೆದುಕೊಡುತ್ತಿದ್ದ. ನೇಮಕಾತಿ ಪತ್ರವೂ ಸ್ಯಾಲರಿ ಸ್ಲಿಪ್ಪೂ ಇಲ್ಲದ ಕೆಲಸವಾದ್ದರಿಂದ ಅದನ್ನು ಬಯೋಡೇಟಾದಲ್ಲಿ ಬರೆಯಬಹುದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹಳೆಯ ವೋಚರ್‌ಗಳ ಒಂದು ಕಟ್ಟನ್ನು ಕೊಟ್ಟು ಟ್ಯಾಲಿ ಎಂಬ ಲೆಕ್ಕಪತ್ರ ತಂತ್ರಾಂಶದಲ್ಲಿ ಏರಿಸಲು ಹೇಳಿದೆವು. ಕೈ ನಿಧಾನವಾಗಿತ್ತು, ಆದರೆ ಎರಡು ಸಲ ಸೇರಿಕೊಂಡಿದ್ದ ಒಂದು ಬಿಲ್ಲನ್ನು ಆತ ತಾನಾಗಿಯೇ ಹಿಡಿದು ತೋರಿಸಿದ. ಕೆಲಸ ಸಿಕ್ಕಿತು. ಹಿಂದಿನ ಸಂಬಳದ ದಾಖಲೆ ಇಲ್ಲವೆಂಬ ಕಾರಣಕ್ಕೆ ಅದೇ ಹುದ್ದೆಯ ಇನ್ನೊಬ್ಬರಿಗಿಂತ ಕಡಿಮೆ ಸಂಬಳ ನಿಗದಿಯಾಯಿತು, ನನ್ನ ವಾದಕ್ಕೆ ಅಲ್ಲಿ ಬೆಲೆ ಬರಲಿಲ್ಲ. ಖಾಲಿ ಅವಧಿಯ ದಂಡವನ್ನು ಕೆಲಸ ಸಿಕ್ಕ ಮೇಲೂ ಕಟ್ಟಬೇಕಾಗುತ್ತದೆ ಎಂಬುದು ಹೊರಗಿನವರಿಗೆ ಕಾಣದ ಸಂಗತಿ.

ಮಾಲೀಕರ ಒಂದು ಭಯ ಮಾತ್ರ ನಿಜವಾದದ್ದು. ಪರೀಕ್ಷೆಗೆ ಓದಿದವರು ಫಲಿತಾಂಶ ಬಂದ ದಿನ ಬಿಟ್ಟು ಹೋಗುತ್ತಾರೆ, ಕಲಿಸಿದ ಶ್ರಮ ವ್ಯರ್ಥವಾಗುತ್ತದೆ ಎಂದು ಅವರು ಹೇಳುತ್ತಾರೆ, ಹಾಗೆ ಹೋದವರನ್ನು ನಾನೂ ನೋಡಿದ್ದೇನೆ. ಆದರೆ ಈಗಾಗಲೇ ಕೆಲಸದಲ್ಲಿರುವವರನ್ನು ಸೆಳೆದು ತಂದರೆ, ಅವರೂ ಎರಡು ಸಾವಿರ ಹೆಚ್ಚು ಕೊಡುವ ಪಕ್ಕದ ಕಾರ್ಖಾನೆಗೆ ಹೋಗುತ್ತಾರೆ. ಬಿಟ್ಟು ಹೋಗುವ ಭಯವಿದ್ದರೆ ಯಾವ ಫಲಿತಾಂಶಕ್ಕಾಗಿ ಕಾಯುತ್ತಿದ್ದೀರಿ, ವಯೋಮಿತಿ ಎಷ್ಟು ಉಳಿದಿದೆ ಎಂದು ನೇರವಾಗಿ ಕೇಳಬಹುದು. ಗೌರವದಿಂದ ಕೇಳಿದರೆ ನಮ್ಮ ಕಡೆಯ ಹುಡುಗರು ನಿಜವನ್ನೇ ಹೇಳುತ್ತಾರೆ.

ಮದುವೆ, ಹೆರಿಗೆ, ಮನೆಯ ಹಿರಿಯರ ಆರೈಕೆಗಾಗಿ ಕೆಲಸ ಬಿಟ್ಟು ಮರಳಿ ಬರುವ ಹೆಣ್ಣುಮಕ್ಕಳ ಕಥೆ ಇನ್ನೂ ಕಠಿಣ, ಅದಕ್ಕೆ ಬೇರೆಯೇ ಲೇಖನ ಬೇಕು.

ಕಾನೂನಿನ ನೆರವಿದೆಯೇ ಎಂದೂ ಕೆಲವರು ಕೇಳುತ್ತಾರೆ. ಅಮೆರಿಕದ ನ್ಯೂಜೆರ್ಸಿ ರಾಜ್ಯ 2011ರಲ್ಲಿ, ಸದ್ಯ ಕೆಲಸದಲ್ಲಿರುವವರು ಮಾತ್ರ ಅರ್ಜಿ ಹಾಕಬೇಕೆಂಬ ಜಾಹೀರಾತುಗಳನ್ನು ನಿಷೇಧಿಸಿತು. ನ್ಯೂಯಾರ್ಕ್ ನಗರ 2013ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಈ ಕಾರಣಕ್ಕೆ ತಿರಸ್ಕೃತರಾದವರಿಗೆ ದಾವೆ ಹೂಡುವ ಹಕ್ಕನ್ನೂ ಕೊಟ್ಟಿತು. ನಮ್ಮ ಸಂವಿಧಾನದ 16ನೇ ವಿಧಿ ಸರ್ಕಾರಿ ಉದ್ಯೋಗಕ್ಕೆ ಸಂಬಂಧಿಸಿದ್ದು, ತಾರತಮ್ಯ ಮಾಡಬಾರದೆಂದು ಅದು ಹೆಸರಿಸುವ ಧರ್ಮ, ಜಾತಿ, ಲಿಂಗ ಮುಂತಾದ ಆಧಾರಗಳಲ್ಲಿ ನಿರುದ್ಯೋಗ ಇಲ್ಲ, ಹಾಗಾಗಿ ಖಾಸಗಿ ಕಾರ್ಖಾನೆಯ ಬಾಗಿಲಲ್ಲಿ ಅದರ ನೆರವು ಸಿಗದು. ಪದವಿ ಮುಗಿದು ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500 ರೂಪಾಯಿ ಕೊಡುವ ಯುವನಿಧಿ ಯೋಜನೆ ನಮ್ಮ ರಾಜ್ಯದಲ್ಲಿದೆ. ಆರು ತಿಂಗಳ ನಿರುದ್ಯೋಗವನ್ನು ಸರ್ಕಾರ ನೆರವಿಗೆ ಅರ್ಹವಾದ ಕಷ್ಟವೆಂದು ಒಪ್ಪಿಕೊಂಡಿರುವಾಗ ಮಾಲೀಕರು ಅದನ್ನು ಕಳಂಕವೆಂದು ಓದುವುದು ನನಗೆ ನೋವಿನ ವಿಷಯ.

ಖಾಲಿ ಅವಧಿಯನ್ನು ಮುಚ್ಚಿಡಲು ಸುಳ್ಳು ಅನುಭವ ಪತ್ರ ಮಾಡಿಸಿಕೊಳ್ಳಬೇಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಭವಿಷ್ಯ ನಿಧಿಯ ಯುಎಎನ್ ಸಂಖ್ಯೆಯಡಿ, ಯಾವ ಸಂಸ್ಥೆಯಲ್ಲಿ ಯಾವ ದಿನ ಸೇರಿದಿರಿ, ಯಾವ ದಿನ ಬಿಟ್ಟಿರಿ ಎಂಬುದು ದಾಖಲಾಗಿರುತ್ತದೆ, ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಸಿಕ್ಕ ಕೆಲಸವೂ ಹೋಗುತ್ತದೆ. ಅದರ ಬದಲು ಯಾವ ಪರೀಕ್ಷೆಗೆ ಓದಿದಿರಿ, ಯಾವ ಹಂತದವರೆಗೆ ಹೋದಿರಿ, ಆ ನಡುವೆ ಅಂಗಡಿಯಲ್ಲೋ ಹೊಲದಲ್ಲೋ ಮನೆಪಾಠದಲ್ಲೋ ಏನು ಮಾಡಿದಿರಿ ಎಂಬುದನ್ನು ವರ್ಷ ಹಾಕಿ ಎರಡು ಸಾಲುಗಳಲ್ಲಿ ಬರೆಯಿರಿ. ಖಾಲಿ ಬಿಟ್ಟ ಜಾಗವನ್ನು ಓದುವವರು ತಮ್ಮ ಅನುಮಾನದಿಂದ ತುಂಬಿಕೊಳ್ಳುತ್ತಾರೆ.

ಮಾಲೀಕರಲ್ಲಿ ನನ್ನ ಕೋರಿಕೆ ಇಷ್ಟೆ: ಮೊದಲ ಸುತ್ತಿನಲ್ಲಿ ದಿನಾಂಕಗಳನ್ನು ನೋಡದೆ ವಿದ್ಯಾರ್ಹತೆಯನ್ನೂ ಕೆಲಸದ ವಿವರವನ್ನೂ ಮಾತ್ರ ನೋಡಿ, ಒಂದು ಗಂಟೆಯ ಕೆಲಸ ಕೊಟ್ಟು ಮಾಡಿಸಿ, ಖಾಲಿ ಅವಧಿಯ ಪ್ರಶ್ನೆಯನ್ನು ಅದಾದ ಮೇಲೆ ಕೇಳಿ. ಸರ್ಕಾರ ಮಾಡಬೇಕಾದದ್ದೂ ಇದೆ. ಯುಪಿಎಸ್‌ಸಿ ತನ್ನ ಕೆಲವು ಪರೀಕ್ಷೆಗಳಲ್ಲಿ ಸಂದರ್ಶನದವರೆಗೆ ಹೋಗಿ ಆಯ್ಕೆಯಾಗದವರ ವಿವರಗಳನ್ನು, ಅವರ ಒಪ್ಪಿಗೆ ಪಡೆದು, ‘ಪ್ರತಿಭಾ ಸೇತು’ ಎಂಬ ವ್ಯವಸ್ಥೆಯ ಮೂಲಕ ಉದ್ಯೋಗದಾತರಿಗೆ ಒದಗಿಸುತ್ತದೆ. ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗಳಲ್ಲಿ ಕೆಲವೇ ಅಂಕಗಳಿಂದ ಹಿಂದೆ ಬಿದ್ದ ಸಪ್ತಾಪುರದ ಅಭ್ಯರ್ಥಿಗಳಿಗೂ ಅಂಥ ಪಟ್ಟಿಯೊಂದು ಬೇಕು. ಅದು ಹುಬ್ಬಳ್ಳಿ ಬಳಿಯ ತಾರಿಹಾಳದ, ಧಾರವಾಡ ಬಳಿಯ ಬೇಲೂರಿನ ಕೈಗಾರಿಕಾ ಪ್ರದೇಶಗಳ ಕಾರ್ಖಾನೆಗಳ ಕೈಗೆ ಸಿಕ್ಕರೆ, ಆ ವರ್ಷಗಳಲ್ಲಿ ಈ ಮಕ್ಕಳು ಏನು ಮಾಡುತ್ತಿದ್ದರು ಎಂಬುದಕ್ಕೆ ಅಂಕಗಳ ಸಮೇತ ಉತ್ತರ ಮಾಲೀಕರ ಎದುರಿಗಿರುತ್ತದೆ.